ಬುಧವಾರದ ತೂಕ

ಹೆರಿಗೆಯಾದ ಐದನೇ ದಿನ ಬೆಳ್ಳೂರಿನ ತವರುಮನೆಗೆ ಬಂದಿಳಿದಾಗ ಅಮ್ಮ ನನ್ನಿಂದ ಮೊದಲು ಕಿತ್ತುಕೊಂಡದ್ದು ಫೋನನ್ನು. ಆಮೇಲೆ ಪುಸ್ತಕಗಳನ್ನು. ಕೊನೆಗೆ ಮೊಸರನ್ನು. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತದೆ, ಓದಿದರೆ ತಲೆ ಹೋಗುತ್ತದೆ, ಮೊಸರು ತಿಂದರೆ ಮಗುವಿಗೆ ಶೀತವಾಗುತ್ತದೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ನನ್ನನ್ನು ಒಳಕೋಣೆಯ ಮಂಚದಲ್ಲಿ ಕೂರಿಸಿ, ಕಿಟಕಿಯ ಎರಡು ಬಾಗಿಲುಗಳಲ್ಲಿ ಒಂದನ್ನು ಹಾಕಿದಳು. ಇನ್ನೊಂದನ್ನು ತೆರೆದಿಟ್ಟದ್ದು ನನ್ನ ಮೇಲಿನ ಕರುಣೆಯಿಂದ. ಆಗ ಏಪ್ರಿಲ್ ತಿಂಗಳು, ಹೊರಗೆ ಕೆಂಪು ಮುರಕಲ್ಲಿನ ಗುಡ್ಡ ಬೆಳಗಿನ ಒಂಬತ್ತಕ್ಕೇ ಕಾದು ಕೂತಿರುತ್ತಿತ್ತು.

ನಾನು ಗಡಿನಾಡಿನಲ್ಲಿ, ಕಾರಡ್ಕದ ಕಡೆಯ ಒಂದು ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತವಿಜ್ಞಾನ ಕಲಿಸುವವಳು. ಏಕೆ, ಹೇಗೆ ಎಂದು ಕೇಳುವುದು ನನ್ನ ಹೊಟ್ಟೆಪಾಡು. ಹೊಟ್ಟೆಪಾಡಾಗುವುದಕ್ಕೆ ಮೊದಲು ಅದು ಬರೀ ಚಟವಾಗಿತ್ತು, ಮತ್ತು ಆ ಚಟದಿಂದಾಗಿ ಅಮ್ಮನ ಕೈಯಿಂದ ಬೇಕಾದಷ್ಟು ಪೆಟ್ಟು ತಿಂದಿದ್ದೇನೆ. ಈಗ ಪೆಟ್ಟು ಕೊಡುವ ಹಾಗಿರಲಿಲ್ಲ. "ಎಂತಕ್ಕೆ, ಎಂತಕ್ಕೆ ಅಂತ ಕೇಳ್ಬೇಡ ಮಾರಾಯ್ತಿ. ಬಾಳಂತಿ ಕೇಳುವುದಲ್ಲ, ತಿನ್ನುವುದು" ಎಂದು ಗದರಿಸುತ್ತಿದ್ದಳು. ನಮ್ಮ ಮನೆಮಾತು ತುಳು. ಅಮ್ಮನ ಮಾತು ಇಲ್ಲಿ ಕನ್ನಡಕ್ಕೆ ಬರುವಾಗ ಅದರ ಖಾರ ಅರ್ಧ ಇಳಿದಿದೆ ಎಂದು ಓದುವವರು ತಿಳಿದುಕೊಳ್ಳಬೇಕು.

ತಿನ್ನುವುದೆಂದರೆ ಸಣ್ಣ ಕೆಲಸವಲ್ಲ. ಬೆಳಿಗ್ಗೆ ಏಳಕ್ಕೆ ತೆಂಗಿನಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ. ಅದು ಗಂಟಲಿನಿಂದ ಇಳಿಯುವ ಮೊದಲೇ ಲಿಂಬೆಹಣ್ಣಿನ ಗಾತ್ರದ ಲೇಹ್ಯದ ಉಂಡೆ. ಹತ್ತಕ್ಕೆ ತುಪ್ಪ ಸುರಿದ ಕುಚ್ಚಲಕ್ಕಿ ಗಂಜಿ. ಮಧ್ಯಾಹ್ನಕ್ಕೆ ಹುರುಳಿ ಸಾರು, ಇಲ್ಲವೇ ಒಳ್ಳೆಮೆಣಸಿನ ಕಾಳು, ಬೆಳ್ಳುಳ್ಳಿ ಅರೆದು ಮಾಡಿದ ತಾಟೆಯ ಪದಾರ್ಥ. ತಾಟೆ ಎಂದರೆ ಮರಿ ಶಾರ್ಕ್. ಅದನ್ನು ತಿಂದರೆ ಎದೆಹಾಲು ಹೆಚ್ಚುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಏಕೆ ಹೆಚ್ಚುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನಾನು ಬಿಡದೆ ಕೇಳಿದಾಗ ಅಮ್ಮ ಸ್ವಲ್ಪ ಯೋಚಿಸಿ, "ಬಂಗುಡೆ, ಬೂತಾಯಿ ಎಲ್ಲ ಮೊಟ್ಟೆ ಇಡುವ ಮೀನು. ಇದು ಮರಿ ಹಾಕುವ ಮೀನು. ಹೆತ್ತವಳಿಗೆ ಹೆತ್ತ ಮೀನೇ ಆಗ್ಬೇಕಲ್ಲ" ಎಂದಳು. ಆ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ ಆ ದಿನ ಎರಡು ತುಂಡು ಹೆಚ್ಚು ತಿಂದೆ.

ಹಾಸಿಗೆಯ ಕೆಳಗೆ ನಾನೊಂದು ನೋಟುಪುಸ್ತಕ ಬಚ್ಚಿಟ್ಟಿದ್ದೆ. ಯಾವ ಮನೆಯಲ್ಲಿ ಬಾಣಂತಿಗೆ ಏನು ಕೊಡುತ್ತಾರೆ, ಏನು ಕೊಡುವುದಿಲ್ಲ ಎಂದು ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮಲ್ಲಿ ಬಾಳೆಹಣ್ಣು ಕೂಡದು, ಥಂಡಿ. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು ತನ್ನ ಸೊಸೆಗೆ ದಿನಾ ನೇಂದ್ರ ಬಾಳೆಹಣ್ಣನ್ನು ತುಪ್ಪದಲ್ಲಿ ಹುರಿದು ಕೊಡುತ್ತಿದ್ದಳು, ಅದು ಪುಷ್ಟಿ. ನಮ್ಮಲ್ಲಿ ನುಗ್ಗೆಸೊಪ್ಪು ಮುಟ್ಟುವ ಹಾಗಿಲ್ಲ, ವಾಯು. ನನ್ನ ಶಾಲೆಯ ಮಲಯಾಳಿ ಸಹೋದ್ಯೋಗಿಗೆ ಅವಳ ತಾಯಿ ಅದನ್ನೇ ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ತಿಂಗಳಿಡೀ ಬಡಿಸಿದ್ದಳಂತೆ, ಹಾಲಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲವಂತೆ. ಒಂದು ಮನೆಯ ವಿಷ ಇನ್ನೊಂದು ಮನೆಯ ಮದ್ದು, ನಡುವೆ ಇರುವುದು ಸೊಂಟದೆತ್ತರದ ಒಂದು ಕಲ್ಲಿನ ಗೋಡೆ. ಎರಡೂ ಕಡೆಯ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ಇದು ಹೇಗೆ ಎಂದು ಯೋಚಿಸುತ್ತಾ ಮಲಗುವುದೇ ನನಗೆ ಆ ದಿನಗಳ ಮನರಂಜನೆಯಾಗಿತ್ತು. ಮನೆಯ ಹಿಂದೆ ಹಲಸಿನಹಣ್ಣು ಕೊಯ್ದು ಸೊಳೆ ಬಿಡಿಸುವ ಪರಿಮಳ ಬರುವಾಗ ಮಾತ್ರ ಯೋಚನೆ ಕೆಡುತ್ತಿತ್ತು. ಹಲಸು ಯಾವ ಮನೆಯಲ್ಲೂ ಬಾಣಂತಿಗೆ ಕೊಡುತ್ತಿರಲಿಲ್ಲ, ಆ ವಿಷಯದಲ್ಲಿ ಎಲ್ಲ ಜಾತಿ ಧರ್ಮದವರೂ ಒಂದೇ.

ಹತ್ತೂವರೆಗೆ ನನ್ನನ್ನೂ ಮಗುವನ್ನೂ ಮೀಯಿಸುವ ಹೆಂಗಸು ಬರುತ್ತಿದ್ದಳು. ಎಪ್ಪತ್ತು ದಾಟಿದ ಸಣ್ಣ ಮೈಕಟ್ಟಿನವಳು, ಕೈ ಮಾತ್ರ ಕಬ್ಬಿಣ. ನೆಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಹಂಡೆಯಿಂದ ಮೊಗೆದು ಸೊಂಟಕ್ಕೆ ಬೀಸಿ ಹೊಡೆಯುತ್ತಿದ್ದಳು. ಆಮೇಲೆ ಹಳೆಯ ಮುಂಡುಪಂಚೆಯಿಂದ ನನ್ನ ಹೊಟ್ಟೆಯನ್ನು ಉಸಿರು ಕಟ್ಟುವಷ್ಟು ಬಿಗಿಯುತ್ತಿದ್ದಳು. "ನಿನ್ನ ಹೊಟ್ಟೆ ಒಳಗೆ ಹೋಗದಿದ್ರೆ ಊರಲ್ಲಿ ನನ್ನ ಮರ್ಯಾದೆ ಹೋಗ್ತದೆ" ಎನ್ನುತ್ತಿದ್ದಳು. ಅಡುಗೆಮನೆಯಿಂದ ಅಮ್ಮ ಒಳಗೆ ತುಂಬುತ್ತಿದ್ದಳು, ಬಚ್ಚಲುಮನೆಯಲ್ಲಿ ಇವಳು ಹೊರಗಿನಿಂದ ಒತ್ತುತ್ತಿದ್ದಳು. ನನ್ನ ಹೊಟ್ಟೆಯನ್ನು ಯಾವ ಬಲ ಗೆಲ್ಲುತ್ತದೆ ಎಂದು ನನಗೂ ಕುತೂಹಲವಿತ್ತು.

ಆದರೆ ಇಷ್ಟೆಲ್ಲದರ ಒಳಗೆ ನನಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ. ಈ ಮಗು ನನ್ನ ಹಾಲಿನಿಂದಲೇ ಬೆಳೆಯಬೇಕು. ಆಸ್ಪತ್ರೆಯಲ್ಲಿ ಮೊದಲ ಮೂರು ದಿನ ನನಗೆ ಹಾಲು ಬಂದಿರಲಿಲ್ಲ. ಮಗುವಿಗೆ ಒಳಲೆಯಲ್ಲಿ ಪುಡಿಹಾಲು ಕುಡಿಸಿದರು, ಅದು ಗಟಗಟನೆ ಕುಡಿದು ನಿದ್ದೆ ಹೋಯಿತು. ನಾನು ಮಂಚದ ಮೇಲೆ ಕೂತು ನೋಡಿದೆ. ಪುಡಿಹಾಲು ಕುಡಿದ ಮಕ್ಕಳೂ ಬೆಳೆಯುತ್ತಾರೆ, ನನ್ನ ತರಗತಿಯಲ್ಲಿ ಅಂಥವರು ಎಷ್ಟೋ ಮಂದಿ ಇದ್ದಾರೆ, ಅದೆಲ್ಲ ನನಗೆ ಗೊತ್ತು. ಗೊತ್ತಿದ್ದರೂ ಆ ಹೊತ್ತು ನನಗಾದ ಅವಮಾನ ಅಷ್ಟಿಷ್ಟಲ್ಲ. ನಾಲ್ಕನೇ ದಿನ ಹಾಲು ಬಂತು. ಮನೆಗೆ ಬಿಡುವಾಗ ಡಾಕ್ಟರು ಹೇಳಿದರು, ಹುಟ್ಟಿದಾಗ ಎರಡು ಕಿಲೋ ಎಂಟುನೂರು ಇದೆ, ನಲವತ್ತೈದನೇ ದಿನದ ಚುಚ್ಚುಮದ್ದಿನ ಹೊತ್ತಿಗೆ ಮೂರೂವರೆಯಾದರೂ ಆಗಿರಬೇಕು, ಆಗದಿದ್ದರೆ ಪುಡಿಹಾಲು ಶುರು ಮಾಡುವ ಎಂದು. ಆ ಮೂರೂವರೆ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಆ ತಿಂಗಳು ತಾನೇ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದಳು. ಹಾಗಾಗಿ ಮಗುವಿನ ತೂಕ ನೋಡಲು ಅಂಗನವಾಡಿಗೆ ಹೋಗಬೇಕಿತ್ತು. ಅದು ಎರಡು ಮನೆ ಆಚೆ, ಕೂಗಿದರೆ ಕೇಳುವ ದೂರ. ನಾನೇ ಹೋಗುತ್ತೇನೆ ಎಂದರೆ ಅಮ್ಮ ಬಿಡಲಿಲ್ಲ, ನಲವತ್ತು ದಿನ ಆಗದೆ ಬಾಣಂತಿಗೆ ಗಾಳಿ ತಾಗಬಾರದು. ಬುಧವಾರ ಬುಧವಾರ ಅಮ್ಮನೇ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು, ಬಟ್ಟೆಯಲ್ಲಿ ಸುತ್ತಿ, ಕೊಡೆ ಹಿಡಿದು ಹೊರಡುತ್ತಿದ್ದಳು. ಕಾಲು ಗಂಟೆಯಲ್ಲಿ ವಾಪಸು.

ಮೊದಲ ಬುಧವಾರ ಬಂದು, "ಎರಡು ಏಳುನೂರು" ಎಂದಳು. ಹುಟ್ಟಿದ ಮಕ್ಕಳು ಮೊದಲ ವಾರ ಸ್ವಲ್ಪ ಇಳಿಯುತ್ತಾರೆ ಎಂದು ಓದಿದ್ದೆ, ಸುಮ್ಮನಾದೆ. ಎರಡನೇ ಬುಧವಾರ, "ಎರಡು ಎಂಟುನೂರು." ಸರಿ, ಹುಟ್ಟಿದಲ್ಲಿಗೆ ಬಂತು. ಮೂರನೇ ಬುಧವಾರ ಅಮ್ಮ ಕೊಡೆ ಮಡಚುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು, "ಅಷ್ಟೇ ಉಂಟು, ಎರಡು ಎಂಟುನೂರೇ" ಎಂದಳು. ನಾನು ತೂಕ ಬರೆಯುವ ಕಾರ್ಡ್ ಕೇಳಿದೆ. "ಕಾರ್ಡ್ ಅಂಗನವಾಡಿ ಟೀಚರ ಹತ್ರವೇ ಉಂಟು. ಕಂಪ್ಯೂಟರಿಗೆ ಹಾಕ್ಲಿಕ್ಕೆ ಬೇಕಂತೆ."

ಅಂದಿನಿಂದ ನನಗೆ ನೆಮ್ಮದಿ ಹೋಯಿತು. ಮಗು ಎದೆಗೆ ಬಾಯಿಟ್ಟಾಗೆಲ್ಲ ಅದು ನುಂಗುವುದನ್ನು ಎಣಿಸುತ್ತಿದ್ದೆ. ನೋಡಲು ಬಂದ ನೆಂಟರು ಹೊಸ್ತಿಲು ದಾಟುವಾಗಲೇ, "ಅಯ್ಯೋ, ಇದೆಂತ ಇಷ್ಟು ಸಪೂರ? ಕಡ್ಡಿಯ ಹಾಗುಂಟಲ್ಲ!" ಎನ್ನುತ್ತಿದ್ದರು. ನಮ್ಮ ಕಡೆ ಮಗುವನ್ನು ಯಾರೂ ಹೊಗಳುವುದಿಲ್ಲ, ಚಂದದ ಮಗುವಿಗೂ ಕಪ್ಪು, ಸಪೂರ ಎಂದೇ ಹೇಳುವುದು ಕ್ರಮ. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಎದೆ ಹೆದರಿದ ಮೇಲೆ ಗೊತ್ತಿರುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ, ಪ್ರತಿ ಮಾತೂ ನಿಜವೆಂದೇ ಕೇಳುತ್ತಿತ್ತು.

ನಾಲ್ಕನೇ ವಾರ ಮೀಯಿಸುವ ಹೆಂಗಸು ಕಾಲ ಮೇಲೆ ಮಲಗಿಸಿಕೊಂಡ ಮಗುವನ್ನು ಎತ್ತಿ, "ಭಾರ..." ಎಂದು ಏನೋ ಹೇಳಲು ಹೊರಟವಳು ಅಮ್ಮನ ಮುಖ ನೋಡಿ ತಟ್ಟನೆ ನಿಲ್ಲಿಸಿದಳು. "ಭಾರ ಎಂತ, ಹತ್ತಿಯ ಹಾಗುಂಟು" ಎಂದು ಮಾತು ಮುಗಿಸಿದಳು. ಇಬ್ಬರೂ ಹಿತ್ತಿಲಿಗೆ ಹೋಗಿ ಪಿಸುಪಿಸು ಮಾತಾಡಿದರು. ಮಗುವಿಗೆ ಏನೋ ಕಾಯಿಲೆ ಇದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನಿಶ್ಚಯಿಸಿಕೊಂಡೆ.

ಆದರೂ ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. ಮಗು ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡುತ್ತದೆ ಎಂದು ನಾನು ಗೆರೆ ಹಾಕಿ ಬರೆದಿಡುತ್ತಿದ್ದೆ. ಆರು ಒದ್ದೆಯಾದರೆ ಹಾಲು ಸಾಕಾಗುತ್ತಿದೆ ಎಂದರ್ಥ ಎಂದು ಡಾಕ್ಟರೇ ಹೇಳಿದ್ದರು. ನನ್ನ ಪುಸ್ತಕದಲ್ಲಿ ಎಂಟು, ಒಂಬತ್ತು, ಕೆಲವು ದಿನ ಹತ್ತು. ಒಳಗೆ ಹೋಗದೆ ಹೊರಗೆ ಬರುವುದು ಹೇಗೆ? ಒಳಗೆ ಇಷ್ಟು ಹೋಗುತ್ತಿದ್ದರೆ ತೂಕ ಏರದಿರುವುದು ಹೇಗೆ? ದ್ರವ್ಯ ಎಲ್ಲಿಗೂ ಮಾಯವಾಗುವುದಿಲ್ಲ ಎಂದು ಮಕ್ಕಳಿಗೆ ಪಾಠ ಮಾಡುವವಳ ಮಂಚದ ಮೇಲೆಯೇ ಅದು ಮಾಯವಾಗುತ್ತಿತ್ತು. ಹುಟ್ಟಿದಾಗ ತಂದ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಕೇಳಿದರೆ ಅಮ್ಮ, "ಬಿಸಿನೀರಲ್ಲಿ ಒಗೆದದ್ದಲ್ವಾ, ಗಿಡ್ಡ ಆಗಿದೆ" ಎಂದಳು. ಹತ್ತಿ ಬಟ್ಟೆ ಬಿಸಿನೀರಿಗೆ ಗಿಡ್ಡವಾಗುವುದು ನಿಜವೇ ಆದ್ದರಿಂದ ಅದನ್ನೂ ಒಪ್ಪಿಕೊಂಡೆ.

ಕಡೆಗೆ ನನಗೆ ಅಂಗನವಾಡಿಯ ತಕ್ಕಡಿಯ ಮೇಲೆಯೇ ಸಂಶಯ ಬಂತು. ಐದನೇ ಬುಧವಾರ ಅಮ್ಮನ ಕೈಗೆ ಒಂದು ಕಿಲೋ ಸಕ್ಕರೆಯ ಕಟ್ಟು ಕೊಟ್ಟು, ಮೊದಲು ಇದನ್ನಿಟ್ಟು ನೋಡು, ಆಮೇಲೆ ಮಗುವನ್ನಿಡು ಎಂದೆ. ಅಮ್ಮ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಸಕ್ಕರೆ, ಕಂಕುಳಲ್ಲಿ ಕೊಡೆ ಹಿಡಿದು ಹೋಗಿ ಬಂದಳು. "ಸಕ್ಕರೆ ಸರೀ ಒಂದು ಕಿಲೋ ತೋರಿಸ್ತು. ತಕ್ಕಡಿಗೆ ಎಂತ ಆಗ್ಲಿಲ್ಲ."

"ಮಗು?"

"ಎರಡು ಒಂಬೈನೂರು."

ಉಪಕರಣದ ದೋಷ ಒಂದು, ಅದನ್ನು ನೋಡಿ ಓದುವವರ ದೋಷ ಇನ್ನೊಂದು ಎಂದು ನಾನು ಪ್ರತಿ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ. ಎರಡನೆಯದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಗಂಡ ಸೀತಾಂಗೋಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಭಾನುವಾರ ಭಾನುವಾರ ಬಂದು ಮಂಚದ ತುದಿಯಲ್ಲಿ ಕೂತು ಮಗುವಿನ ಬೆರಳು ಹಿಡಿದುಕೊಂಡಿರುತ್ತಿದ್ದ. ಆ ವಾರ ಬರುವಾಗ ನಾನು ಕೇಳದೆಯೇ ಪುಡಿಹಾಲಿನ ಡಬ್ಬಿ ತಂದ. "ಇರಲಿ, ಬೇಕಾದರೆ ಅಂತ ತಂದೆ. ನಿನ್ನ ತಪ್ಪು ಅಂತ ಅಲ್ಲ" ಎಂದ. ಅವನು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ, ಆದರೂ ನಾನು ಮುಖ ತಿರುಗಿಸಿ ಅತ್ತೆ. ಅಮ್ಮ ಬಾಗಿಲಲ್ಲೇ ನಿಂತು ಎಲ್ಲ ನೋಡಿದವಳು, ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ಹೋಗಿ ಅಟ್ಟದ ಮೇಲೆ, ಹಳೆಯ ಪಾತ್ರೆಗಳ ಹಿಂದೆ ಇಟ್ಟಳು. "ಪುಡಿ ಗಿಡಿ ಬೇಡ. ಅವಳಿಗೆ ಹಾಲು ಉಂಟು" ಎಂದಳು. ಹಾಗಾದರೆ ತೂಕ ಏಕೆ ಏರುವುದಿಲ್ಲ ಎಂದು ನಾನು ಕಿರುಚಿದೆ. ಅಮ್ಮ ಮರುದಿನ ಮತ್ತೆ ತಾಟೆ ತರಿಸಿದಳು.

ಆಮೇಲಿನ ಎರಡು ವಾರ ನಾನು ತಿಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮೊದಲು ಕೊಟ್ಟದ್ದರಲ್ಲಿ ಅರ್ಧ ಬಿಡುತ್ತಿದ್ದವಳು ಈಗ ಕೇಳಿ ಬಡಿಸಿಕೊಂಡೆ. ಮೆಂತೆ ಗಂಜಿ ಎರಡು ಬಟ್ಟಲು, ಲೇಹ್ಯ ಮೂರು ಹೊತ್ತು, ಊರಿನ ಕೋಳಿಯ ಸಾರು, ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದು ಮುಷ್ಟಿ ತುಂಬ. ನಂಬಿಕೆ ಬಂದು ತಿಂದದ್ದಲ್ಲ, ಬೇರೆ ದಾರಿ ತೋಚದೆ ತಿಂದದ್ದು. ಅಮ್ಮನಿಗೆ ಗೊತ್ತಾಗದ ಹಾಗೆ ಪಕ್ಕದ ಮನೆಯವಳು ಕಿಟಕಿಯಿಂದ ಕೊಟ್ಟ ನೇಂದ್ರವನ್ನೂ ತಿಂದೆ. ನನ್ನ ಕೆನ್ನೆ ಉಬ್ಬಿ ಕಣ್ಣು ಸಣ್ಣದಾಯಿತು. ಮುಂಡು ಸುತ್ತುವವಳಿಗೆ ಈಗ ಒಂದು ಸುತ್ತು ಕಡಿಮೆ ಬರುತ್ತಿತ್ತು. ನನ್ನ ಮೈ ಹೇಗಾದರೂ ಆಗಲಿ ಎಂದಿತ್ತು ನನಗೆ. ಆರನೇ ಬುಧವಾರ ಅಮ್ಮ ಹೇಳಿದ ಲೆಕ್ಕ, ಮೂರು ಕಿಲೋ. ಮೂರೂವರೆಗೆ ಇನ್ನೂ ಅರ್ಧ ಕಿಲೋ ಬೇಕು, ಉಳಿದಿರುವುದು ಒಂದೇ ವಾರ.

ಚುಚ್ಚುಮದ್ದಿನ ಬುಧವಾರ ಆಟೋದಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಂಗನವಾಡಿಯ ಬಾಗಿಲಲ್ಲಿ ಆಟೋ ನಿಲ್ಲಿಸಿ ಅಮ್ಮನೇ ಇಳಿದು ಕಾರ್ಡ್ ತಂದಳು, ತಂದದ್ದನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಳು. ನಲವತ್ತು ದಿನಗಳ ಮೇಲೆ ಮೊದಲ ಸಲ ಬಿಸಿಲು ಕಂಡ ನಾನು ಅದನ್ನೆಲ್ಲ ಗಮನಿಸಲಿಲ್ಲ. ಕೇಂದ್ರದಲ್ಲಿ ಇದ್ದ ನರ್ಸ್ ಮಲಯಾಳ ಬೆರೆಸಿ ಕನ್ನಡ ಮಾತಾಡುವ, ನಗುಮುಖದ ಹೆಂಗಸು. ಮಗುವಿನ ಅಂಗಿ ಬಿಚ್ಚಿ ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದಳು. ನಾನು ಆ ಕಡೆ ನೋಡದೆ ಗೋಡೆಯ ಮೇಲಿನ ಚಿತ್ರ ನೋಡುತ್ತಾ ನಿಂತೆ.

"ಮೂರು ಒಂಬೈನೂರು" ಎಂದಳು ನರ್ಸ್.

ನನಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ನೋಡಿ ಎಂದೆ. ಅವಳು ಮಗುವನ್ನು ಎತ್ತಿ, ಮುಳ್ಳು ಸೊನ್ನೆಗೆ ಬಂದದ್ದನ್ನು ತೋರಿಸಿ, ಮತ್ತೆ ಮಲಗಿಸಿದಳು. ಮೂರು ಕಿಲೋ ಒಂಬೈನೂರು ಗ್ರಾಂ. "ಒಂದು ವಾರದಲ್ಲಿ ಒಂಬೈನೂರು ಗ್ರಾಂ ಏರ್ತದಾ?" ಎಂದು ಕೇಳಿದೆ. ನರ್ಸ್ ನನ್ನನ್ನು ವಿಚಿತ್ರವಾಗಿ ನೋಡಿ, "ಒಂದು ವಾರ ಎಂತಕ್ಕೆ ಟೀಚರೇ, ಸ್ವಲ್ಪ ಸ್ವಲ್ಪ ಏರಿಯೇ ಬಂದಿರ್ಬೇಕಲ್ಲ" ಎಂದು ಅಮ್ಮನ ಕೈಯಿಂದ ಕಾರ್ಡ್ ಇಸಿದುಕೊಂಡು ನನ್ನ ಮುಂದೆ ಬಿಡಿಸಿದಳು. ಅಂಗನವಾಡಿ ಟೀಚರ ದುಂಡು ಅಕ್ಷರ. ಎರಡು ಒಂಬತ್ತು. ಮೂರು ಒಂದು. ಮೂರು ಮೂರು. ಮೂರೂವರೆ. ಹೀಗೆ ಸಾಲಾಗಿ ಮೇಲೆ ಹತ್ತಿ ಹೋಗಿತ್ತು. ಒಂದು ವಾರವೂ ತಪ್ಪಿರಲಿಲ್ಲ, ಒಂದು ವಾರವೂ ನಿಂತಿರಲಿಲ್ಲ.

ಅಮ್ಮ ಸೀಲಿಂಗ್ ಫ್ಯಾನ್ ನೋಡುತ್ತಾ ನಿಂತಿದ್ದಳು.

"ಇನ್ನು ಟೀಚರ್ ಹತ್ತಿ" ಎಂದು ನರ್ಸ್ ನನ್ನನ್ನೂ ದೊಡ್ಡ ತಕ್ಕಡಿಗೆ ಹತ್ತಿಸಿದಳು. ಗರ್ಭಿಣಿಯಾಗುವುದಕ್ಕೆ ಮೊದಲು ನಾನು ಐವತ್ತೆರಡು ಕಿಲೋ ಇದ್ದವಳು. ಈಗ ಅರವತ್ತೊಂಬತ್ತು. ಮಗು ಏರಲಿಲ್ಲವೆಂದು ತಿಂದದ್ದೆಲ್ಲ ಎಲ್ಲಿಗೆ ಹೋಯಿತು ಎಂಬುದಕ್ಕೂ ಅಲ್ಲಿಗೆ ಉತ್ತರ ಸಿಕ್ಕಿತು. ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ.

ಚುಚ್ಚಿಸಿಕೊಂಡು ಅತ್ತು ಸುಸ್ತಾದ ಮಗು ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿತ್ತು. ಮನೆಗೆ ಬಂದದ್ದೇ ಅಮ್ಮ ಸೀರೆಯನ್ನೂ ಬದಲಾಯಿಸದೆ ಅಡುಗೆಮನೆಗೆ ಹೋಗಿ ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆಯತೊಡಗಿದಳು. ನಾನು ಮಗುವನ್ನು ಮಲಗಿಸಿ, ಬಾಗಿಲಲ್ಲಿ ನಿಂತು, ಇಷ್ಟು ವರ್ಷಗಳಲ್ಲಿ ಅಮ್ಮನಿಗೆ ಎಂದೂ ಆಡದ ಮಾತುಗಳನ್ನು ಆಡಿದೆ. ಆರು ವಾರ ನಾನು ಪಟ್ಟ ಪಾಡು, ಬಿಟ್ಟ ನಿದ್ದೆ, ಎಲ್ಲ ಹೇಳಿ, "ಯಾಕೆ ಸುಳ್ಳು ಹೇಳಿದ್ದು?" ಎಂದು ಕೂಗಿದೆ.

"ಸುಳ್ಳು ಎಂತ? ಸ್ವಲ್ಪ ಕಮ್ಮಿ ಹೇಳಿದೆ, ಅಷ್ಟೆ."

"ಊರವರಿಗೆ ಕಮ್ಮಿ ಹೇಳು. ನನಗೆ ಯಾಕೆ?"

"ನಿನಗೇ ಹೇಳ್ಬಾರ್ದು." ಅಮ್ಮನ ಕೈ ನಿಲ್ಲಲಿಲ್ಲ. "ತಾಯಿಯ ಕಣ್ಣು ತಾಗಿದ ಹಾಗೆ ಬೇರೆ ಯಾರದ್ದೂ ತಾಗುವುದಿಲ್ಲ. ಬೇರೆಯವರದ್ದಾದ್ರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕ್ಬಹುದು. ತಾಯಿಯದ್ದಕ್ಕೆ ಎಂತ ಮಾಡುವುದು? ದಿನಕ್ಕೆ ಹತ್ತು ಸಲ ಮಡಿಲಲ್ಲಿಟ್ಟು ನೋಡುವವಳು ಅವಳೇ ಅಲ್ವಾ? ಮಗು ಭಾರ ಆಯ್ತು ಅಂತ ಗೊತ್ತಾದ್ರೆ ಅವಳ ಮನಸ್ಸು ಹಿಗ್ಗುತ್ತದೆ, ಹಿಗ್ಗಿ ನೋಡ್ತಾಳೆ. ಅದಕ್ಕೆ ಮೂರು ತಿಂಗಳವರೆಗೆ ತಾಯಿಗೆ ಭಾರ ಹೇಳುವ ಕ್ರಮ ಇಲ್ಲ."

"ನಾನು ಅತ್ತದ್ದು ನಿನಗೆ ಕಾಣಲಿಲ್ಲವಾ?"

"ಕಂಡಿದೆ. ಅದಕ್ಕೇ ಅಲ್ವಾ ಮತ್ತೆ ಮತ್ತೆ ತಾಟೆ ತರಿಸಿದ್ದು!"

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ, ಹೇಳಿದೆನಲ್ಲ, ಚಟ. ನೋಟುಪುಸ್ತಕದಲ್ಲಿ ಇಷ್ಟು ಮನೆಗಳ ಕ್ರಮ ಬರೆದುಕೊಂಡವಳಿಗೆ ಈ ಕ್ರಮ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ. ಇದನ್ನು ನಿನಗೆ ಹೇಳಿಕೊಟ್ಟದ್ದು ಯಾರು ಎಂದು ಕೇಳಿದೆ.

"ಮತ್ತೆ ಯಾರು, ನಿನ್ನ ಅಜ್ಜಿ. ನೀನು ಹುಟ್ಟಿ ನಾಲ್ಕು ವರ್ಷಕ್ಕೆ ನಿನ್ನ ಸೋದರಮಾವನ ಹೆಂಡತಿ ಹೆತ್ತಾಗ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿಕೊಟ್ಟಳು. ಭಾರ ನೋಡ್ಲಿಕ್ಕೆ ನೀನು ಹೋಗು, ಬಂದು ಕಮ್ಮಿ ಹೇಳು, ಅವಳಿಗಂತೂ ಹೇಳ್ಳೇಬೇಡ ಅಂತ." ಅಮ್ಮ ಹೆರೆದ ಕಾಯಿಯನ್ನು ಒಟ್ಟು ಮಾಡಿ ಒಡೆದ ಕಾಯಿಯ ಇನ್ನೊಂದು ಗಡಿ ಎತ್ತಿಕೊಂಡಳು. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು, "ಕೋಪ ಮಾಡ್ಬೇಡ. ನಿನಗೆ ಹಾಲು ಉಂಟಲ್ಲ, ಅದು ಸಾಕು. ನನಗೆ ಅದೂ ಇರ್ಲಿಲ್ಲ."

ಇದು ನಾನು ಕೇಳಿರದ ವಿಷಯ. ನಾನು ಎರಡು ತಿಂಗಳಿಗೇ ದನದ ಹಾಲಿಗೆ ಬಿದ್ದವಳಂತೆ. ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ ಕುಡಿಸಿದ್ದಂತೆ. ಅಮ್ಮ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. "ಕೊಡ್ತಾ ಇದ್ದೆ. ಎಷ್ಟು ಕೊಟ್ರೂ ನಿನಗೆ ಸಾಲ್ತಾ ಇರ್ಲಿಲ್ಲ. ಕಡೆಗೆ ನಾನೇ ಹೇಳಿದೆ, ನನ್ನ ಹಾಲಿನಲ್ಲಿ ಸತ್ವ ಇಲ್ಲ, ದನದ್ದು ಕೊಡುವ ಅಂತ. ಆಮೇಲೆ ನಂದು ಬತ್ತಿಯೇ ಹೋಯ್ತು. ನೀನು ಯಾವಾಗಲೂ ಸಪೂರ ಅಲ್ವಾ, ಶಾಲೆಗೆ ಹೋಗುವಾಗ, ಮದುವೆಯ ದಿನ ಸಹ, ನೋಡುವಾಗೆಲ್ಲ ನನಗೆ ಅದೇ ಕಾಣ್ತಿತ್ತು. ನಿನಗೆ ಹಾಗೆ ಆಗ್ಬಾರ್ದು ಅಂತಲೇ ಇಷ್ಟು ತಿನ್ನಿಸಿದ್ದು."

ನಾನು ಕೇಳಬಾರದಿತ್ತೋ ಏನೋ. ಬೇಕೆಂದು ಕೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು. "ಸಾಲುವುದಿಲ್ಲ ಅಂತ ಹೇಗೆ ಗೊತ್ತಾಯಿತು?"

"ಭಾರ ಏರ್ಲಿಲ್ಲ."

"ಭಾರ ನೋಡಿದ್ದು ಯಾರು?"

"ಬಾಲವಾಡಿಯಲ್ಲಿ. ನನಗೆ ಹೋಗ್ಲಿಕ್ಕುಂಟಾ, ಬಾಳಂತಿಗೆ? ಅಜ್ಜಿಯೇ ನಿನ್ನನ್ನು ಎತ್ತಿಕೊಂಡು ಹೋಗಿ, ಬಂದು ಹೇಳ್ತಿದ್ದದ್ದು. ಈ ಸಲವೂ ಏರ್ಲಿಲ್ಲ ಮಗಾ, ಈ ಸಲವೂ ಅಷ್ಟೇ ಉಂಟು ಅಂತ..."

ಹೆರೆಮಣೆಯ ಸದ್ದು ನಿಂತಿತು. ಅಮ್ಮನ ಎರಡು ಕೈಗಳೂ ತೆಂಗಿನ ಗಡಿಯ ಮೇಲೆ ಹಾಗೆಯೇ ಇದ್ದವು. ಅವಳು ಒಲೆಯ ಕಡೆ ನೋಡುತ್ತಿದ್ದಳು, ಒಲೆಯಲ್ಲಿ ಏನೂ ಇರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಅಮ್ಮ ಇನ್ನೇನು ಹೇಳಿಬಿಡುತ್ತಾಳೋ ಎಂದು ಹೆದರಿಕೆ ಮಾತ್ರ ಇತ್ತು. ಬಾಗಿಲಿನಿಂದ ಕದಲದೆ ನಿಂತೆ.

"ಹಾಗಾದ್ರೆ ನನಗೆ ಹಾಲು ಇತ್ತಾ?" ಎಂದು ಅಮ್ಮ ಕೇಳಿದಳು.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಆ ಬಾಲವಾಡಿಯ ಕಟ್ಟಡ ಈಗಿಲ್ಲ, ಅದರ ಪುಸ್ತಕಗಳನ್ನು ಗೆದ್ದಲು ತಿಂದಿರಬೇಕು. ಅಜ್ಜಿ ಅಂದು ನಿಜವನ್ನೇ ಹೇಳಿರಬಹುದು. ಕಮ್ಮಿ ಹೇಳಿದ್ದೇ ಹೌದಾದರೆ, ಮಗಳು ದನದ ಹಾಲಿಗೆ ಕೈ ಹಾಕುವಾಗ ಅವಳು ಏಕೆ ಬಾಯಿ ಬಿಡಲಿಲ್ಲ? ನನ್ನ ತೂಕ ಆಗ ಎಷ್ಟಿತ್ತೆಂದು ತಿಳಿಯುವ ದಾರಿ ಈ ಲೋಕದಲ್ಲಿ ಎಲ್ಲೂ ಇಲ್ಲ. ತರಗತಿಯಲ್ಲಿ ಮಗುವೊಂದು ಎದ್ದು ನಿಂತು ಇಂಥ ಪ್ರಶ್ನೆ ಕೇಳಿದರೆ, ಗೊತ್ತಿಲ್ಲ ಎಂಬುದೊಂದೇ ಇದಕ್ಕೆ ಸರಿಯುತ್ತರ ಎಂದು ನಾನು ಹೇಳುತ್ತಿದ್ದೆ.

"ಇತ್ತು" ಎಂದೆ. "ಧಾರಾಳ ಇತ್ತು."

ಅಮ್ಮ ಗಡಿಯನ್ನು ಕೆಳಗಿಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡು, ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ಅರವತ್ತೊಂಬತ್ತು ಕಿಲೋದ ನನ್ನನ್ನು ನೋಡಿದಳು. ಕಣ್ಣು ತೆಗೆಯದೆ, ತುಂಬ ಹೊತ್ತು ನೋಡಿದಳು. ನೋಡಲಿ ಎಂದು ನಾನೂ ಅಲ್ಲೇ ನಿಂತಿದ್ದೆ.